ತಾಮ್ರದ ಕೊಳಗದಲ್ಲಿ ಬಸವನಹುಳು

ಅಮಲ್ದಾರರ ಬಂಗಲೆಯ ಜವಾನನಿಗೆ ನಗುವುದಕ್ಕೆ ಕಾರಣ ಹುಡುಕುವ ಕಷ್ಟವಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಒಂದಲ್ಲ ಒಂದು ಎದುರಿಗೇ ಇರುತ್ತದೆ. ಕಷ್ಟವೇನಿದ್ದರೂ ಸಾಹೇಬರ ಮುಂದೆ ನಗದೆ ನಿಲ್ಲುವುದು. ಹಿರಿಯೂರಿನಲ್ಲಿದ್ದಾಗ ನಾನು ತುಟಿ ಕಚ್ಚಿಕೊಂಡೇ ಕಾಲ ಕಳೆದೆ.

ಉಪ್ಪಿನ ನ್ಯಾಯ

ಅಮ್ಮಾವ್ರು ಮೈಸೂರಿನ ತವರಿನಿಂದ ಗಾಜಿನ ತೊಟ್ಟಿಯೊಂದನ್ನು ತಂದಿದ್ದರು. ಅದರಲ್ಲಿ ಒಂದಿಷ್ಟು ಮೀನು, ಐದು ಬಸವನಹುಳು. ಬಸವನಹುಳು ಅಂದರೆ ಅವರಿಗೆ ಪ್ರಾಣ. ತೊಟ್ಟಿ ಚೆಂದ ಕಾಣಲೆಂದು ಸಾಹೇಬರು ವೇದಾವತಿ ಹೊಳೆಯಿಂದ ನೀರಗಿಡ ತರಿಸಿ ಹಾಕಿದರು. ಗಿಡದ ಜೊತೆ ಜಿಗಣೆಗಳೂ ಬಂದು ಬಸವನಹುಳುಗಳಿಗೇ ಅಂಟಿಕೊಂಡವು.

ಆಸ್ಪತ್ರೆಯ ಕಾಂಪೌಂಡರು ಬಂದು ನೋಡಿ, "ಉಪ್ಪು ಹಾಕ್ರಿ, ಜಿಗಣೆ ಸಾಯ್ತಾವೆ" ಅಂದರು.

"ಮೀನು?" ಅಂದರು ಅಮ್ಮಾವ್ರು.

"ತಡ್ಕಂತಾವೆ."

"ಬಸವನಹುಳು?"

"ಅವೂ ಸಾಯ್ತಾವೆ. ಯಾವುದು ಅಮ್ಮಾವ್ರದು, ಯಾವುದು ಅಲ್ಲ ಅಂತ ಉಪ್ಪಿಗೇನು ಗೊತ್ತು?"

ಸಾರಿಗಲ್ಲ

ಅಂಟಿದ ಜಿಗಣೆ ಕಿತ್ತು, ಉಪ್ಪಿನ ಕೆಲಸ ಮುಗಿಯುವ ತನಕ ಬಸವನಹುಳುಗಳನ್ನು ಬೇರೆ ನೀರಿನಲ್ಲಿ ಕಾಯುವುದು ನನ್ನ ಪಾಲಿಗೆ ಬಂತು. "ಒಂದು ಸತ್ತರೂ ನಿನ್ನ ದವಾಲಿ ಬಿಚ್ಚಿಸ್ತೀನಿ" ಅಂದರು ಸಾಹೇಬರು. ಹೆಗಲ ಮೇಲಿನ ಆ ಪಟ್ಟಿ ಹೋದರೆ ಜವಾನನ ಅನ್ನ ಹೋದ ಹಾಗೆ.

ಅಡುಗೆಯವರು ಹಿರೇಗುಂಟನೂರಿನವರು, ಲಿಂಗಪೂಜೆ ಆಗದೆ ಒಲೆ ಹೊತ್ತಿಸದವರು. "ಅಣ್ಣಾರೆ, ಐದು ಬಸವನಹುಳ ಅವೆ, ಒಂದು ಪಾತ್ರೆ ಕೊಡ್ರಿ" ಅಂದೆ.

ಅವರು ಸೌಟು ಬಿಸಾಡಿ ಗಂಟು ಕಟ್ಟತೊಡಗಿದರು. "ಏನಪ್ಪ, ಮಠದ ಭಕ್ತನ ಕೈಲಿ ಹುಳದ ಸಾರು ಮಾಡಿಸ್ತೀರಾ?"

"ಸಾರಿಗಲ್ರೀ, ಉಳಿಸಾಕೆ!"

ಅವರ ಮುಖ ಮೆತ್ತಗಾಯಿತು. "ಜೀವ ಉಳಿಸೋ ಪುಣ್ಯಕ್ಕೆ ಮಣ್ಣಿನ ಮಡಕೆ ಯಾಕಲೇ? ತಾಮ್ರದ ನೀರೇ ಶುದ್ಧ" ಎಂದು ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಕೊಳಗವನ್ನೇ ಕೊಟ್ಟರು. ಮಠದ ಸ್ವಾಮಿಗಳು ಬಂದಾಗ ಹೊರಗೆ ಬರುತ್ತಿದ್ದ ಕೊಳಗ ಅದು. ಸಾಹೇಬರಿಗೂ ಅದರ ನೀರು ಸಿಕ್ಕಿರಲಿಲ್ಲ.

ಮುಂದಕ್ಕೆ ಹೋದದ್ದು

ಬೆಳಿಗ್ಗೆ ನೋಡಿದರೆ ಕೊಳಗ ಖಾಲಿ! ಗೋಡೆಯ ಮೇಲೆ ಎರಡು, ಒದ್ದೆ ಹಲಗೆಯ ಕೆಳಗೆ ಎರಡು ಸಿಕ್ಕವು. ಐದನೆಯದು ಮಾಯ.

ಕಾಂಪೌಂಡರನ್ನು ಕೇಳಿದರೆ, "ಅವಕ್ಕೆ ತಾಮ್ರ ವಿಷ. ಓಡಿಹೋಗದೆ ಇನ್ನೇನು ಮಾಡ್ತಾವೆ?" ಅಂದರು.

"ಮೊದ್ಲೇ ಹೇಳಬಾರದೇನ್ರೀ?"

"ಅಮ್ಮಾವ್ರು ಉಪ್ಪಿನ ವಿಷಯ ಅಷ್ಟೇ ಕೇಳಿದ್ರು."

ಅಮ್ಮಾವ್ರು ಊಟ ಬಿಟ್ಟು ಕುಳಿತರು. ಅವರನ್ನು ನೋಡಿ ನನಗೂ ಅಳು ಬಂತು. ದವಾಲಿ ನೇವರಿಸಿಕೊಂಡು, ಇದೇ ಕೊನೆಯ ದಿನವೆಂದು ಕಚೇರಿಗೆ ಹೋಗಿ ಬಾಗಿಲಲ್ಲಿ ನಿಂತೆ.

ಒಳಗೆ ಜವನಗೊಂಡನಹಳ್ಳಿಯ ರೈತನೊಬ್ಬ ಅರ್ಜಿ ಹಿಡಿದು, ಸಾಹೇಬರ ತಲೆಯನ್ನೇ ನೋಡುತ್ತಿದ್ದ.

"ಏನಯ್ಯ, ಎಲ್ಲಿ ನೋಡ್ತಿದ್ದೀಯ?"

"ತಮ್ಮ ರುಮಾಲಿನ ಮ್ಯಾಗೆ ಬಸವನಹುಳ ಹೋಗ್ತಾ ಐತೆ, ಸ್ವಾಮಿ."

ಆ ರುಮಾಲು ಒಗೆದದ್ದು, ರಾತ್ರಿಯೆಲ್ಲ ಕೊಳಗದ ಪಕ್ಕದ ಗೂಟದಲ್ಲೇ ಒದ್ದೆಯಾಗಿ ತೂಗುತ್ತಿತ್ತು! ನಾನು ಹಾರಿ ಎರಡೂ ಕೈಯಿಂದ ಬಾಚಿದೆ. ಹುಳು ನನ್ನ ಕೈಗೆ ಬಂತು, ರುಮಾಲು ಸಾಹೇಬರ ಮೂಗಿಗೆ ಇಳಿಯಿತು.

"ಏನೋ ಇದು!" ಎಂದು ಗುಡುಗಿದರು.

"ಅಮ್ಮಾವ್ರದು ಸ್ವಾಮಿ, ಜೀವ ಐತೆ!"

ಗುಮಾಸ್ತರೆಲ್ಲ ಬಾಯಿಗೆ ಪಂಚೆ ತುರುಕಿಕೊಂಡರು. ರೈತ ಮಾತ್ರ ನಗಲಿಲ್ಲ. ಭಕ್ತಿಯಿಂದ ಕೈಮುಗಿದು ಹೇಳಿದ:

"ಬೈಬ್ಯಾಡ್ರಿ ಸ್ವಾಮಿ. ನಮ್ಮಪ್ಪನ ಕಾಲದಿಂದ ಈ ಕಚೇರಿಗೆ ತಿರುಗ್ತಾ ಇದೀವಿ. ಇಲ್ಲಿ ಏನಾದ್ರೂ ಒಂದು ಮುಂದಕ್ಕೆ ಹೋಗಿದ್ದು ಇವತ್ತೇ ಕಂಡಿದ್ದು."