ಒಡೆಯರಿಲ್ಲದ ಹಸುವಿಗೆ ಸೂಜಿಯಿಲ್ಲ

ನಮ್ಮ ಚಿಕ್ಕಪ್ಪನ ಕಣ್ಣಿಗೆ ಹಸು ಹಸುವಾಗಿ ಕಾಣಬೇಕಾದರೆ ಅದು ಹಾಲು ಕೊಟ್ಟರೆ ಸಾಲದು, ಅಂಬಾ ಅಂದರೆ ಸಾಲದು, ಎದೆಗೆ ಒದ್ದರೂ ಸಾಲದು! ಅದರ ಒಡೆಯರ ಹೆಸರು ಮೊದಲೇ ಕಂಪ್ಯೂಟರಿನಲ್ಲಿ ಇರಬೇಕು. ಇಲ್ಲದಿದ್ದರೆ ಎದುರಿಗೇ ನಿಂತು ಸಗಣಿ ಹಾಕುತ್ತಿದ್ದರೂ ಆ ಹಸು ಇಲ್ಲ. "ಸಗಣಿ ಕಣ್ಮುಂದೆನೇ ಅದಲ್ಲಾ ಚಿಕ್ಕಪ್ಪ?" ಅಂತ ಒಮ್ಮೆ ಕೇಳಿದ್ದೆ. "ಸಗಣಿಗೆ ನನ್ ತಾವು ಟೇಬಲ್ ಇಲ್ಲ ಕಣಮ್ಮಿ" ಅಂದರು. ಇಂಥವರ ಕೈಕೆಳಗೆ ನಾನು ಕೆಲಸ ಮಾಡುತ್ತೇನೆ. ನನ್ನ ತಾಳ್ಮೆಯನ್ನು ನೀವಾದರೂ ಮೆಚ್ಚಿಕೊಳ್ಳಿ, ಮನೆಯಲ್ಲಂತೂ ಯಾರೂ ಮೆಚ್ಚುವುದಿಲ್ಲ.

ವಿಷಯ ಇಷ್ಟೇ. ಗುಂಡ್ಲುಪೇಟೆಯಲ್ಲಿ ಕ್ಲಿನಿಕ್ ಇಟ್ಟಿರುವ ದನದ ಡಾಕ್ಟರೊಬ್ಬರು ಊರೂರಿಗೆ ಹೋಗಿ ಕಾಲುಬಾಯಿ ಜ್ವರಕ್ಕೆ ಸೂಜಿ ಹಾಕುತ್ತಾರೆ. ಯಾವ ಹಸುವಿಗೆ ಯಾವಾಗ ಹಾಕಿದ್ದು, ಮತ್ತೆ ಯಾವಾಗ ಹಾಕಬೇಕು ಅಂತ ಬರೆದಿಡುವವರು ನಮ್ಮ ಚಿಕ್ಕಪ್ಪ. ಜೆರಾಕ್ಸ್ ಅಂಗಡಿ ಮುಚ್ಚಿ, ಐವತ್ತು ದಾಟಿದ ಮೇಲೆ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿಯೇ ಡೇಟಾಬೇಸ್ ಕಲಿತ ಮಹಾನುಭಾವರು! ಮೂರು ವರ್ಷ ಕಾಲೇಜಿನ ಬೆಂಚು ಸವೆಸಿದ ನಾನು ಅವರ ಸಹಾಯಕಿ. ಕಂಪ್ಯೂಟರಿನೊಳಗೆ ಜನರದ್ದೊಂದು ಟೇಬಲ್ ಅಂದರೆ ಪಟ್ಟಿ, ಹಸುಗಳದ್ದೊಂದು, ಸೂಜಿಗಳದ್ದೊಂದು. ಹಸುವಿನ ಮುಂದೆ ಅದರ ಒಡೆಯರ ನಂಬರ್ ಬರೆಯಬೇಕು. ಆ ನಂಬರಿನವರು ಜನರ ಟೇಬಲ್ಲಿನಲ್ಲಿ ಇಲ್ಲವೋ, ಕಂಪ್ಯೂಟರು ಕೆಂಪಕ್ಷರದಲ್ಲಿ ಬೈದು ಹಸುವನ್ನು ಬಾಗಿಲಿಂದಾಚೆಗೆ ಅಟ್ಟುತ್ತದೆ. ಅದಕ್ಕೆ ಫಾರಿನ್ ಕೀ ಎರರ್ ಅಂತ ಹೆಸರು. ಈ ಎರರ್ ಕಂಡರೆ ಲೋಕವೆಲ್ಲ ತಲೆ ಚಚ್ಚಿಕೊಳ್ಳುತ್ತದೆ. ನಮ್ಮ ಚಿಕ್ಕಪ್ಪ ಮಾತ್ರ "ಶಭಾಷ್!" ಅಂತ ಮಾನಿಟರಿನ ಬೆನ್ನು ತಟ್ಟುತ್ತಾರೆ.

ಆಫೀಸಿನಲ್ಲಿ ಮಾತ್ರ ಹೀಗಿದ್ದಿದ್ದರೆ ಸಹಿಸಬಹುದಿತ್ತು. ಚಾಮರಾಜನಗರದ ಒಂದು ಛತ್ರದಲ್ಲಿ ನಮ್ಮ ಕಡೆಯವರ ಮಗುವಿಗೆ ನಾಮಕರಣ. ಊಟದ ಮನೆಯ ಬಾಗಿಲಲ್ಲಿ ಒಬ್ಬರು ಕೈ ತೊಳೆದು ಬರುತ್ತಾ ಚಿಕ್ಕಪ್ಪನಿಗೆ ನಮಸ್ಕಾರ ಅಂದರು. ವಾಪಸ್ ನಮಸ್ಕಾರ ಹೇಳುವುದು ಬಿಟ್ಟು ಇವರು, "ನೀವು ಯಾರ ಕಡೆಯೋರು?" ಅನ್ನಬೇಕೇ?

"ಹುಡುಗನ ಕಡೆ" ಅಂದರು ಅವರು.

"ಯಾವ ಹುಡುಗ? ಮಗ ಇನ್ನೂ ತೊಟ್ಲಲ್ಲಿ ಅದಲ್ಲ!"

ನೋಡಿದರೆ, ಪಾಪ, ಅವರು ಬರಬೇಕಾಗಿದ್ದದ್ದು ಮೇಲಿನ ಮಹಡಿಯ ಮದುವೆಗೆ! ಆಗಲೇ ಎರಡು ಹೋಳಿಗೆ ಮುಗಿಸಿ, ಮೂರನೆಯದಕ್ಕೆ ತುಪ್ಪವನ್ನೂ ಹಾಕಿಸಿಕೊಂಡಿದ್ದರಂತೆ. ಅವರು ನಾಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರೆ ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೋಡ್ದಾ ಕಣಮ್ಮಿ? ಕೇಳ್ದೆ ಒಳಕ್ಕ ಬುಟ್ರೆ ಇಂಗೇ ಆಗೋದು" ಅಂದರು. ಚಿಕ್ಕಮ್ಮ ಅವತ್ತಿಡೀ ಅವರ ಜೊತೆ ಮಾತಾಡಲಿಲ್ಲ.

ಇಷ್ಟು ಜಂಬದ ಮನುಷ್ಯರಿಗೂ ಕುದೇರಿನಲ್ಲಿ ಮುಖಭಂಗವಾಯಿತು ಅನ್ನಿ. ನಮ್ಮ ಕಡೆ ಹಸುವನ್ನು ಪಾಲಿಗೆ ಕೊಡುವ ರೂಢಿಯುಂಟು. ಹಸು ಒಬ್ಬರದು, ಮೇವು ಚಾಕರಿ ಇನ್ನೊಬ್ಬರದು. ಹುಟ್ಟಿದ ಕರುಗಳಲ್ಲಿ ಒಂದು ಇವರಿಗೆ, ಒಂದು ಅವರಿಗೆ. ಹಾಗಾದರೆ ಒಡೆಯರು ಯಾರು? ಚಿಕ್ಕಪ್ಪ ಯೋಚಿಸಿ ಯೋಚಿಸಿ, ಯಾವ ಹಸುವಿಗೆ ಯಾರ್‍ಯಾರು ಸಂಬಂಧ ಅಂತ ಬರೆಯಲು ಇನ್ನೊಂದು ಟೇಬಲ್ ಮಾಡಿದರು. ಜನ, ಹಸು, ಸಂಬಂಧ, ಈ ಮೂರು ಟೇಬಲ್ಲನ್ನೂ ಜಾಯಿನ್ ಮಾಡಿ, ಅಂದರೆ ಒಂದಕ್ಕೊಂದು ಜೋಡಿಸಿ, ಡಾಕ್ಟರಿಗೆ ಪಟ್ಟಿ ತೆಗೆದುಕೊಟ್ಟರು. ಅವರು ಕುದೇರಿಗೆ ಹೋಗಿ ನೋಡಿದರೆ ಊರಿನಲ್ಲಿರುವುದಕ್ಕಿಂತ ಪಟ್ಟಿಯಲ್ಲೇ ಹಸುಗಳು ಜಾಸ್ತಿ! ಒಡೆಯರ ಹೆಸರು ಕೂಗಿದಾಗ ಒಂದು ಕೆಂದ ಹಸು ಬಂದು ಸೂಜಿ ಚುಚ್ಚಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಸಾಕುವವರ ಹೆಸರು ಕೂಗಿದರು. ಅವರೂ ವಿಧೇಯರಾಗಿ ಅದೇ ಕೆಂದ ಹಸುವನ್ನು ಹಿಡಿದುಕೊಂಡು ಬಂದರು. ಡಾಕ್ಟರಿಗೆ ಗುರುತು ಸಿಗಲಿಲ್ಲ. ಹಸುವಿಗೆ ಸಿಕ್ಕಿತು!

ಡಾಕ್ಟರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ನಮ್ಮ ಆಫೀಸಿಗೆ ಬಂದರು. "ಹಸ ಒಂದೇ ಸಾರ್" ಅಂತ ಚಿಕ್ಕಪ್ಪ ಶುರು ಮಾಡಿದರು, "ಸಂಬಂಧ ಎರಡು ಇದ್ರೆ ಜಾಯಿನ್ ಮಾಡ್ದಾಗ ಎರಡು ಸಲ ಬತ್ತದ."

"ಪುಣ್ಯಕ್ಕೆ ಒದೆ ಒಂದೇ ಸಲ ಬಂತು ಕಣ್ರೀ" ಅಂದರು ಡಾಕ್ಟರು.

ಹಸುವಿಗೊಂದೇ ಸಾಲು, ಆ ಸಾಲಿನಲ್ಲೇ ಇಬ್ಬರ ಹೆಸರು ಬರುವ ಹಾಗೆ ಚಿಕ್ಕಪ್ಪ ಎರಡು ದಿನ ಕೂತು ಸರಿಮಾಡಿದರು. ನಾನು ಆ ಎರಡು ದಿನವೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಾನು ಮಾಡಿದ ಕೆಲಸಕ್ಕೆ ಮಾತ್ರ ಯಾರೂ ನಗುವ ಹಾಗಿರಲಿಲ್ಲ.

ಸೂಜಿಗೆ ಬನ್ನಿ ಅಂತ ನಮ್ಮಿಂದ ಎಲ್ಲರ ಮೊಬೈಲಿಗೂ ಮೆಸೇಜು ಹೋಗುತ್ತದೆ. ತೀರಿಕೊಂಡವರ ಹೆಸರಿಗೂ ಹೋಗುತ್ತಿತ್ತು. "ತಾವು ಖುದ್ದಾಗಿ ಹಾಜರಿರಬೇಕು" ಅಂತ ಓದಿಕೊಂಡು ಒಬ್ಬ ಮಗ ಫೋನ್ ಮಾಡಿ, "ನಮ್ಮಪ್ಪ ಬರೋದು ಕಷ್ಟ ಮೇಡಂ" ಅಂದಿದ್ದ. ಸರಿ, ತೀರಿಕೊಂಡವರನ್ನು ತೆಗೆದುಬಿಡೋಣ ಅಂತ ಕೂತೆ. ಕಂಪ್ಯೂಟರು ಒಪ್ಪಲಿಲ್ಲ: ಇವರನ್ನು ನಂಬಿಕೊಂಡು ಹಸುಗಳಿವೆ, ತೆಗೆಯಲಾಗದು. ಮತ್ತೆ ಒತ್ತಿದೆ. ಮತ್ತೆ ಅದೇ ಹಠ. ಥೇಟ್ ಚಿಕ್ಕಪ್ಪನೇ! ನನಗೋ ಮೂಗಿನ ತುದಿಯಲ್ಲಿ ಕೋಪ. ಅವರು ಊಟಕ್ಕೆ ಹೋಗಿದ್ದಾಗ, ಒಬ್ಬರನ್ನು ತೆಗೆದರೆ ಅವರಿಗೆ ಸೇರಿದ್ದೆಲ್ಲ ತಾನಾಗಿಯೇ ಹೋಗಲಿ ಅಂತ ನಿಯಮವನ್ನೇ ಬದಲಾಯಿಸಿಬಿಟ್ಟೆ. ಒತ್ತಿದೆ. ಎಲ್ಲ ಸಲೀಸಾಗಿ ಹೋಯಿತು. ಹಸುಗಳೂ ಹೋದವು, ಸೂಜಿಗಳೂ ಹೋದವು. ನಾನು ಗಮನಿಸಲೇ ಇಲ್ಲ.

ನಾಲ್ಕು ದಿನಕ್ಕೆ ಡಾಕ್ಟರು ಪುಣಜನೂರಿನಿಂದ ಫೋನ್ ಮಾಡಿದರು. ಅಜ್ಜಿಯೊಬ್ಬರು ಹಸು ಕರು ಹಿಡಿದುಕೊಂಡು ಬಂದಿದ್ದರಂತೆ. ಪಟ್ಟಿಯಲ್ಲಿ ಅವರ ಮನೆಯೇ ಇಲ್ಲ. ಪಟ್ಟಿಯಷ್ಟೇ ಮದ್ದು ಒಯ್ದಿದ್ದರಿಂದ ಕೊನೆಯವರಿಗೆ ಉಳಿಯಲಿಲ್ಲ, ಅಜ್ಜಿ ಹಾಗೇ ತಿರುಗಿ ಹೋದರಂತೆ. ಪಕ್ಕದ ಊರಿನಲ್ಲಿ ಆಗಲೇ ಜ್ವರ ಕಾಣಿಸಿಕೊಂಡಿತ್ತು.

ಚಿಕ್ಕಪ್ಪ ಕಂಪ್ಯೂಟರು ನೋಡಿದರು, ನನ್ನನ್ನು ನೋಡಿದರು. ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರತಿಯಿಂದ ಹೋದವರನ್ನೆಲ್ಲ ವಾಪಸ್ ಕರೆತಂದರು. ಈ ಅಜ್ಜಿಯ ಮನೆಯವರು ಮಾತ್ರ ಸಿಗಲಿಲ್ಲ. ಆ ಪ್ರತಿ ಮಾಡಿದ ಮೇಲೆ ಸೇರಿದವರು. "ನಡಿ, ಓಗನ" ಅಂದರು. ಮಾರನೇ ಬೆಳಿಗ್ಗೆ ಡಾಕ್ಟರ ಜೀಪಿನಲ್ಲಿ ಐಸ್ ಬಾಕ್ಸು ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಇಷ್ಟರಲ್ಲಿ ಜ್ವರ ಆ ಕೊಟ್ಟಿಗೆಗೂ ಬಂದಿದ್ದರೆ ಏನು ಗತಿ ಅಂತ ದಾರಿಯುದ್ದಕ್ಕೂ ಡಾಕ್ಟರನ್ನು ಕೇಳುತ್ತಲೇ ಇದ್ದೆ.

ಬಂದಿರಲಿಲ್ಲ. ಹಸು ಮೇವು ತಿನ್ನುತ್ತಿತ್ತು, ಕರು ಕೆಚ್ಚಲಿಗೆ ಗುದ್ದುತ್ತಿತ್ತು. ಚಿಕ್ಕಪ್ಪ ಜಗಲಿಯ ಮೇಲೆ ಕೂತು ಮೊಬೈಲು ತೆಗೆದರು. "ಯಜಮಾನ್ರ ಹೆಸ್ರೇನವ್ವ?"

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ತೀರಿಕೊಂಡರೂ ಗಂಡನ ಹೆಸರು ಹೇಳುವುದುಂಟೇ? "ಬೆಟ್ಟದಲ್ಲಿ ಕುಂತವ್ನಲ್ಲ ಸ್ವಾಮಿ, ಅವ್ನ ಹೆಸ್ರು ಕನಪ್ಪ."

ಅಂದರೆ ಮಾದಪ್ಪ, ಈ ಕಡೆಯ ಬೆಟ್ಟದ ದೇವರು! ಈ ಜಿಲ್ಲೆಯಲ್ಲಿ ಹೆಜ್ಜೆಗೊಬ್ಬರು ಮಾದಪ್ಪ ಇದ್ದಾರೆ. "ದೊಡ್ಡಮಾದಪ್ಪನಾ? ಚಿಕ್ಕಮಾದಪ್ಪನಾ?" ಅಂತ ಚಿಕ್ಕಪ್ಪ ಕೇಳುತ್ತಾ ಹೋದರು. ಅಜ್ಜಿ ತಲೆ ಆಡಿಸುತ್ತಾ, ಹೊಸ ಸೊಸೆಯ ಹಾಗೆ ನಗುತ್ತಾ, ಉತ್ತರ ಮಾತ್ರ ಕೊಡಲಿಲ್ಲ. ಕೇಳೋಣವೆಂದರೆ ಅಕ್ಕಪಕ್ಕದವರೆಲ್ಲ ಹೊಲಕ್ಕೆ ಹೋಗಿದ್ದರು.

"ಓಗ್ಲಿ ಬುಡವ್ವ" ಅಂದರು ಚಿಕ್ಕಪ್ಪ. "ಹಸ ಈಗ ನಿಮ್ದು ತಾನೇ? ನಿಮ್ಮೆಸ್ರೇ ಸಾಕು."

"ನನ್ನೆಸ್ರಾ?" ಅಜ್ಜಿಗೆ ನಂಬಿಕೆಯೇ ಬರಲಿಲ್ಲ. "ಕೆಂಪಮ್ಮ ಅಂತ ಕನಪ್ಪ."

ಕೆಂಪಮ್ಮ ಸೇರಿದರು, ಹಸು ಸೇರಿತು, ಕರು ಸೇರಿತು. ಎರರ್ ಬರಲಿಲ್ಲ. ಡಾಕ್ಟರು ಎರಡಕ್ಕೂ ಸೂಜಿ ಹಾಕಿದರು. ನಾನು ನಿಟ್ಟುಸಿರು ಬಿಟ್ಟು ಎದ್ದೆ. ಆಗ ಅಜ್ಜಿ ಮೊಬೈಲಿನತ್ತ ನೋಡುತ್ತಾ ಮೆಲ್ಲಗೆ, "ನಾನು ಬಂದ್ರೆ, ಅವ್ರು ಓಯ್ತರಾ ಅದ್ರಿಂದ?" ಅಂತ ಕೇಳಿದರು.

ಅವರನ್ನು ಕಳಿಸಿದವಳು ನಾನೇ, ಒಂದು ಬೆರಳಲ್ಲಿ. ಚಿಕ್ಕಪ್ಪ ಅಂದರು: "ಯಾಕ್ ಓದಾರು? ಹಸ ಹಿಡ್ಕಂಡು ಬಂದೋರು ಅವ್ರು. ಅದೇ ಸಾಲಲ್ಲಿ ಅವ್ರಿಗೂ ಜಾಗ ಅದ. ಸೂಜಿಗೇನೂ ಅವ್ರ ಹೆಸ್ರು ಬೇಕಾಗಿಲ್ಲ. ನೀವು ಹೇಳಿದ್ರೆ ಬರ್ಕತೀನಿ, ಇಲ್ಲಾಂದ್ರೂ ಚಿಂತೆ ಇಲ್ಲ."

ಅಜ್ಜಿ ನಮ್ಮ ಕಡೆ ನೋಡಲಿಲ್ಲ. ಹಸುವಿನ ಬೆನ್ನ ಮೇಲೆ ಕೈ ಇಟ್ಟು, "ಮರಿಮಾದಪ್ಪ" ಅಂದರು. ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ, ಗಟ್ಟಿಯಾಗಿ, "ಮರಿಮಾದಪ್ಪ" ಅಂದರು. ಮದುವೆಯಾದಾಗಿನಿಂದ ಆ ಹೆಸರನ್ನು ಬಾಯಿ ಬಿಟ್ಟು ಹೇಳಿರದ ಹೆಂಗಸು.

ಚಿಕ್ಕಪ್ಪ ಎದ್ದು ನಿಂತರು. ನಿಂತುಕೊಂಡೇ ಒಂದೊಂದಕ್ಷರ ಒತ್ತಿದರು.

"ಬಂದ್ರಾ?" ಅಂತ ಕೇಳಿದರು ಅಜ್ಜಿ.

"ಬಂದ್ರು ಕಣವ್ವ" ಅಂದರು ಚಿಕ್ಕಪ್ಪ.