ಒಂಬತ್ತನೇ ಪಾಠದ ಗ್ರೂಪ್ ಫೋಟೋ

ಹೆಂಡತಿ: ಇನ್ನೂರ ಹದಿನಾರು ಫೋಟೋ ತೆಗೆದಿದ್ದೀರಿ. ಒಂದರಲ್ಲಾದರೂ ನಮ್ಮಮ್ಮನಿಗೆ ಮೂಗಿದೆಯೇನ್ರೀ?

ಗಂಡ: ಇದೆ ಕಣೇ. ಸ್ವಲ್ಪ ಮಸುಕಾಗಿದೆ ಅಷ್ಟೆ. ಬ್ಯಾಕ್‌ಗ್ರೌಂಡ್ ಬ್ಲರ್ ಅಂತಾರೆ ಅದಕ್ಕೆ.

ಹೆಂಡತಿ: ಹುಟ್ಟುಹಬ್ಬ ಅಮ್ಮಂದು. ಅವಳು ಯಾವಾಗ ಬ್ಯಾಕ್‌ಗ್ರೌಂಡ್ ಆದ್ಲು?

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಪಾಪ, ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕ್ಯಾಮೆರಾ ಕೊಂಡು ಎರಡು ವಾರವೂ ಆಗಿರಲಿಲ್ಲ. ಇಪ್ಪತ್ತೊಂದು ದಿನದಲ್ಲಿ ಫೋಟೋಗ್ರಾಫರ್ ಮಾಡಿಬಿಡುವ ವಿಡಿಯೋ ಪಾಠಗಳನ್ನು ದಿನಕ್ಕೊಂದರಂತೆ ನುಂಗುತ್ತಿದ್ದ. ಅತ್ತೆ ಇವರ ಮನೆಯಲ್ಲೇ ಇದ್ದರು. ಎಪ್ಪತ್ತೈದು ತುಂಬಿದ ದಿನ ನಾಲ್ಕೂ ಮಕ್ಕಳು ಆರು ವರ್ಷದ ಮೇಲೆ ಒಟ್ಟಿಗೆ ಸೇರಿದ್ದರು. ಉಡುಗೊರೆ ಬೇಡ, ಎಲ್ಲರೂ ಇರುವ ಒಂದೇ ಒಂದು ಫೋಟೋ ಸಾಕು ಎಂದಿದ್ದರು ಅತ್ತೆ. ಈಗ ಬಂದವರೆಲ್ಲ ತಮ್ಮ ತಮ್ಮ ಊರು ಸೇರಿಯಾಗಿತ್ತು. ಅತ್ತೆ ಫ್ರೇಮು ತರಲು ಅಂಗಡಿಗೆ ಹೋಗಿದ್ದರು.

ಹೆಂಡತಿ: ಇದರಲ್ಲಿ ಅತ್ತಿಗೆ ಓಲೆಯ ಕಲ್ಲು ಎಣಿಸಬಹುದು. ಮಿಕ್ಕವರೆಲ್ಲ ಮಂಜಲ್ಲಿ ದಾರಿ ತಪ್ಪಿದ ಹಾಗಿದ್ದಾರೆ.

ಗಂಡ: ಅವರು ಮುಂದೆ ನಿಂತಿದ್ರು. ಹತ್ತಿರ ಇದ್ದವರನ್ನೇ ಕ್ಯಾಮೆರಾ ಹಿಡಿಯುತ್ತೆ.

ಹೆಂಡತಿ: ಅತ್ತಿಗೆ ಯಾವತ್ತೂ ಮುಂದೇನೇ ನಿಲ್ಲೋದು. ನಾವ್ಯಾರೂ ಗಮನ ಕೊಡಲ್ಲ, ನಿಮ್ಮ ಕ್ಯಾಮೆರಾ ಕೊಟ್ಟುಬಿಡ್ತು. ಇದೇನು, ದೊಡ್ಡಣ್ಣಂದು ಒಂದು ಕಿವಿ ಮಾತ್ರ ಇದೆ?

ಗಂಡ: ಮುಖ್ಯ ವ್ಯಕ್ತಿ ನಡುವೆ ಇರಬಾರದು, ಪಕ್ಕದಲ್ಲಿರಬೇಕು. ನಾಲ್ಕನೇ ಪಾಠ. ಅತ್ತೇನ ಪಕ್ಕಕ್ಕೆ ಸರಿಸಿದೆ, ನಿಮ್ಮಣ್ಣ ಹೊರಗೆ ಹೋದ್ರು.

ಹೆಂಡತಿ: ಮತ್ತೆ ನಡುವೆ?

ಗಂಡ: ಅಲ್ಲಿ ಖಾಲಿ ಬಿಡಬೇಕು. ಚಿತ್ರ ಉಸಿರಾಡೋಕೆ ಜಾಗ ಬೇಕಲ್ಲ.

ಹೆಂಡತಿ: ಅಲ್ಲಿ ನಮ್ಮ ಫ್ರಿಜ್ ಉಸಿರಾಡ್ತಿದೆ! ಒಂದೂವರೆ ದಿನ ಬಸ್ಸಲ್ಲಿ ಕೂತು ಬಂದ ಅಣ್ಣ ಕಿವಿ ಕೊಟ್ಟು ಹೋದ, ಫ್ರಿಜ್ ನಟ್ಟನಡುವೆ ನಿಂತು ಪೋಸು ಕೊಡ್ತಿದೆ.

ಗಂಡ: ಗ್ರೂಪ್ ಫೋಟೋ ಬರೋದು ಹದಿನೇಳನೇ ಪಾಠದಲ್ಲಿ. ಆವತ್ತು ನಾನಿನ್ನೂ ಒಂಬತ್ತರಲ್ಲಿದ್ದೆ.

ಹೆಂಡತಿ: ಓ, ಹಾಗಾದ್ರೆ ತಪ್ಪು ಅಮ್ಮಂದೇ. ಇನ್ನೆಂಟು ದಿನ ತಡೆದು ಹುಟ್ಟಬೇಕಿತ್ತು. ಅಲ್ಲಾರೀ, ಕ್ಲಚ್ ಯಾವುದು ಅಂತ ಗೊತ್ತಿಲ್ಲದವರನ್ನ ನೀವು ಹೆದ್ದಾರಿಗೆ ಬಿಡ್ತೀರಾ?

ಗಂಡ: ಛೆ! ಮೈದಾನ ದಾಟೋಕೂ ಬಿಡಲ್ಲ.

ಹೆಂಡತಿ: ನಮ್ಮಮ್ಮನ ಮೇಲೆ ಮಾತ್ರ ಹತ್ತಿಸಿಬಿಟ್ರಿ.

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಸ್ಟುಡಿಯೋದವನನ್ನು ಕರೆಸೋಣ ಎಂದು ಅವಳು ಅಂದಾಗ, ನಾನಿರುವಾಗ ಅವನೇಕೆ ಎಂದು ಎದೆ ತಟ್ಟಿಕೊಂಡವನು ತಾನೇ ತಾನೆ? ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು, ಕಾಗದದಲ್ಲಿ ಸುತ್ತಿದ ಫ್ರೇಮನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆ ಬಂದರು.

ಅತ್ತೆ: ಎಲ್ಲಿ ಅಳಿಯಂದಿರೇ, ತೋರಿಸಿ.

ಗಂಡ: ಅದು... ಇನ್ನೂ ಸ್ವಲ್ಪ ತಿದ್ದಬೇಕು ಅತ್ತೆ.

ಅತ್ತೆ ಕನ್ನಡಕ ಏರಿಸಿ ತಾವೇ ಒಂದೊಂದಾಗಿ ನೋಡುತ್ತಾ ಹೋದರು. ಫ್ರಿಜ್ಜು, ಓಲೆ, ಕಿವಿ, ಮತ್ತೆ ಫ್ರಿಜ್ಜು. ಅವರ ಮುಖ ಸಣ್ಣದಾಗುತ್ತಾ ಬಂತು.

ಅತ್ತೆ: ಮೂಲೇಲಿ ಬುಟ್ಟಿ ಚಿತ್ರ ಇದೆಯಲ್ಲ, ಅದರಲ್ಲೇನಿದೆ?

ಗಂಡ: ಕಸ ಅತ್ತೆ. ಕೆಟ್ಟುಹೋದದ್ದು ಒಂದನ್ನ ಬಿಸಾಕಿದ್ದೆ.

ಅತ್ತೆ: ಇಷ್ಟು ನೋಡಿದ್ದಾಯ್ತು, ಅದೊಂದು ಉಳಿಯೋದು ಬೇಡ. ತೆಗೀರಿ.

ತೆಗೆದ. ದೊಡ್ಡಣ್ಣ ಎರಡೂ ಕಿವಿಗಳ ಸಮೇತ ಇದ್ದ. ಚಿಕ್ಕಣ್ಣ ಕೊನೆಯ ತಂಗಿಯ ಜಡೆ ಎಳೆಯುತ್ತಿದ್ದ. ಹೆಂಡತಿ ಅವನಿಗೆ ಗದರುತ್ತಿದ್ದಳು. ನಡುವೆ ಅತ್ತೆ ಬಾಯಿ ತುಂಬ ನಗುತ್ತಿದ್ದರು. ಎದುರಿಗೆ ಯಾರದೋ ಬೆನ್ನು, ಅತ್ತಿಗೆಯ ಒಂದು ಓಲೆಗೆ ಅಡ್ಡವಾಗಿ.

ಹೆಂಡತಿ: ಇದನ್ನ ಕಸಕ್ಕೆ ಹಾಕಿದ್ರಾ?

ಗಂಡ: ಅದು ನಾನು ತೆಗೆದದ್ದಲ್ಲ ಕಣೇ! ಇನ್ನೂ ಒಂದು ಸೆಟ್ಟಿಂಗೂ ಮುಟ್ಟಿರಲಿಲ್ಲ. ಗೊತ್ತಿಲ್ಲದೆ ಟೈಮರ್ ಒತ್ತಿ ಸ್ಟೂಲ್ ಮೇಲಿಟ್ಟು, ನಿಮ್ಮನ್ನೆಲ್ಲ ನಿಲ್ಲಿಸೋಕೆ ಬಂದೆ. ಅದು ತಾನೇ ಕ್ಲಿಕ್ಕಾಯ್ತು. ಆ ಬೆನ್ನು ನಂದೇ.

ಅತ್ತೆ: ಅಂದ್ರೆ ಇದನ್ನ ತೆಗೆದದ್ದು ಸ್ಟೂಲು.

ಗಂಡ: ಹಾಗೇ ಅನ್ನಿ.

ಅತ್ತೆ ಫ್ರೇಮಿನ ಕಾಗದ ಬಿಚ್ಚಿದರು. ಕಣ್ಣು ತುಂಬಿ ಬಂದಿತ್ತು. ಸೆರಗಿನಿಂದ ಮೊದಲು ಗಾಜು ಒರೆಸಿ, ಆಮೇಲೆ ಕಣ್ಣು ಒರೆಸಿಕೊಂಡರು.

ಅತ್ತೆ: ಇದನ್ನೇ ಹಾಕಿಸಿ. ಮುಂದಿನ ವರ್ಷವೂ ಕ್ಯಾಮೆರಾನ ಸ್ಟೂಲಿಗೇ ಕೊಟ್ಟುಬಿಡಿ ಅಳಿಯಂದಿರೇ. ನೀವು ಬಂದು ನಮ್ಮ ಜೊತೆ ನಿಂತ್ಕೊಳ್ಳಿ. ಮುಖ ಮಾತ್ರ ಈ ಕಡೆ ಇರಲಿ.