ಬಿಸ್ಕತ್ತು ಮುರಿದ ಹಲ್ಲು

ನಮ್ಮ ಮನೆಯ ಕುರ್ಚಿ, ಮೇಜು, ಸ್ಟೂಲುಗಳಿಗೆಲ್ಲ ಖಾಯಂ ವೈದ್ಯ ನಾನೇ. ಒಂದು ಸುತ್ತಿಗೆ, ಒಂದು ಡಬ್ಬಿ ಅಂಟು, ನಾಲ್ಕು ಮೊಳೆ ಕೊಟ್ಟರೆ ಯಾವ ಕಾಲನ್ನಾದರೂ ಕೂರಿಸಬಲ್ಲೆ. (ಕೂರಿಸಿದ ಕಾಲು ಎಷ್ಟು ದಿನ ನಿಲ್ಲುತ್ತದೆ ಎಂಬುದು ಬೇರೆ ವಿಷಯ.) ಈ ತಿಂಗಳ ಮೊದಲಲ್ಲಿ, ನಾನು ಜೀರ್ಣೋದ್ಧಾರ ಮಾಡಿದ ಸ್ಟೂಲು ಹತ್ತಿ ಹೆಂಡತಿ ಬಲ್ಬು ಬದಲಾಯಿಸಲು ಹೋದಳು. ಕಾಲು ಕಳಚಿತು. ಅವಳ ಮುಖ ಮೇಜಿನ ಅಂಚಿಗೆ ಬಡಿದು ಮುಂದಿನ ಎರಡು ಹಲ್ಲು ಹೋದವು.

ಬೇರೆಯವರಿಗಾದರೆ ಹೋಗುವುದು ಬರೀ ಹಲ್ಲು. ಇವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹತ್ತೊಂಬತ್ತು ವರ್ಷದಿಂದ ಜನರಿಗೆ ಹೇಳುತ್ತಿದ್ದವಳು. ಈಗ 'ಸ' ಬಂದಲ್ಲೆಲ್ಲ ಸಿಳ್ಳೆ ಬರುತ್ತದೆ. ಎರಡೇ ದಿನಕ್ಕೆ ಮೇಲ್ವಿಚಾರಕರು ಅವಳನ್ನು ಕಳೆದುಹೋದ ಸಾಮಾನಿನ ಕೋಣೆಗೆ ಕಳಿಸಿದರು. "ತಿಂಗಳ ಕೊನೆಯೊಳಗೆ ಹಲ್ಲು ಕಟ್ಟಿಸ್ಕೊಂಡು ಬನ್ನಿ. ಇಲ್ದಿದ್ರೆ ಮೈಕು ಹೊಸ ಹುಡುಗಿಗೇ ಖಾಯಂ" ಎಂದರು. ಅವಳೀಗ ಯಾರದೋ ಕೊಡೆಗಳಿಗೆ ಚೀಟಿ ಅಂಟಿಸುತ್ತಾಳೆ. ಮನೆಯಲ್ಲಿ ಜಗಳಕ್ಕೂ ಬರುವುದಿಲ್ಲ. ಜಗಳವಿಲ್ಲದ ಮನೆ ಇಷ್ಟೊಂದು ಭಣಗುಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಸ್ವಂತ ಖರ್ಚಿನಲ್ಲಿ ಹಲ್ಲು ಕಟ್ಟಿಸುವ ತಾಕತ್ತು ನಮಗಿಲ್ಲ. ಆದರೆ ವಿಮೆ ಇತ್ತು. ಅರ್ಜಿ ತುಂಬುವ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ. 'ಗಾಯವಾದ ಬಗೆ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ನಾನು ರಿಪೇರಿ ಮಾಡಿದ ಸ್ಟೂಲು ಎಂದು ಬರೆಯಲು ಕೈ ಬರಲಿಲ್ಲ. 'ಗಟ್ಟಿ ಬಿಸ್ಕತ್ತು ಕಚ್ಚಿದಾಗ' ಎಂದು ದುಂಡಗೆ ಬರೆದು ಅವಳ ಮುಂದಿಟ್ಟೆ. ಅವಳು ಓದಿ ಸಹಿ ಹಾಕಿದಳು.

ವಾರದಲ್ಲಿ ಅರ್ಜಿ ತಿರಸ್ಕೃತವಾಗಿ ಬಂತು. ವಿಮಾ ಕಚೇರಿಗೆ ಓಡಿದೆ.

"ಬಿದ್ದು ಹಲ್ಲು ಮುರಿದ್ರೆ ಅಪಘಾತ, ಹಣ ಬರತ್ತೆ. ತಿಂದು ಮುರ್ಕೊಂಡ್ರೆ ಬರಲ್ಲ" ಎಂದಳು ಕೌಂಟರಿನಾಕೆ.

"ಬಿದ್ದೇ ಮುರಿದದ್ದು ಮೇಡಂ."

"ಮತ್ತೆ ಬಿಸ್ಕತ್ತು?"

"ಅದು ನನ್ನ ಮರ್ಯಾದೆಗೋಸ್ಕರ."

ಸಾಲಿನಲ್ಲಿ ನಿಂತಿದ್ದ ಏಳು ಜನರೆದುರು ಸ್ಟೂಲಿನ ಸಮಗ್ರ ಚರಿತ್ರೆಯನ್ನು, ಸೊಟ್ಟಗಾದ ಮೊಳೆಯ ಸಮೇತ, ಒಪ್ಪಿಸಿದೆ. ಆಕೆಗೆ ಕನಿಕರ ಬಂತು. "ಈಗ ನಿಮ್ದು ಎರಡು ಕಥೆ ಆಯ್ತಲ್ಲ. ಅವತ್ತು ನಿಮ್ಮ ಮನೆಯವರು ಡಾಕ್ಟರ ಹತ್ರ ಏನು ಹೇಳಿದ್ರೋ, ಅದು ಕಾರ್ಡಲ್ಲಿ ಇರತ್ತೆ. ಬಿದ್ದೆ ಅಂತ ಇದ್ರೆ ತನ್ನಿ, ನಾನೇ ಪಾಸ್ ಮಾಡಿಸ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. ನನ್ನ ಬಡಗಿ ವಿದ್ಯೆಯ ಬಗ್ಗೆ ಅಕ್ಕಪಕ್ಕದವರಿಗೆ, ಅಂಚೆಯವನಿಗೆ, ತನ್ನ ತಂಗಿಗೆ ವರದಿ ಒಪ್ಪಿಸಿದವಳು ಹಲ್ಲಿನ ಡಾಕ್ಟರನ್ನು ಬಿಟ್ಟಾಳೆಯೇ? ಅವತ್ತು ಟ್ಯಾಕ್ಸಿಯಲ್ಲಿ, "ಕೇಳಿದ್ರೆ ಬಿಸ್ಕತ್ತು ಅಂತ ಹೇಳೇ" ಎಂದು ನಾನು ಗೋಗರೆದದ್ದು ನಿಜ. ಅವಳು ಬಾಯಿಗೆ ಟವೆಲ್ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದ್ದಳು. ಡಾಕ್ಟರ ಕೋಣೆಯೊಳಗೆ ಅವಳೊಬ್ಬಳೇ ಹೋಗಿದ್ದಳು. ಆದರೆ ನಮ್ಮ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಮಾತು ನಡೆದ ದಾಖಲೆಯೇ ಇಲ್ಲ. ಆ ಧೈರ್ಯದಲ್ಲೇ ಡಾಕ್ಟರ ಬಾಗಿಲಿಗೆ ಹೋದೆ.

ಡಾಕ್ಟರು ಕಾರ್ಡು ತೆಗೆದು ತೋರಿಸಿದರು. 'ಗಟ್ಟಿ ಬಿಸ್ಕತ್ತು ಕಚ್ಚಿ ಮುರಿದದ್ದು. ರೋಗಿಯ ಹೇಳಿಕೆ.'

"ನಂಗೂ ಅನುಮಾನ ಬಂದು ಇನ್ನೊಂದ್ಸಲ ಕೇಳ್ದೆ. ಆಗಲೂ ಬಿಸ್ಕತ್ತೇ ಅಂದ್ರು. ಬರ್ದದ್ದನ್ನ ಈಗ ತಿದ್ದೋಕೆ ಬರಲ್ಲ" ಎಂದರು.

ನೇರ ಬಸ್ ನಿಲ್ದಾಣಕ್ಕೆ ಹೋದೆ. ಅವಳು ಕೊಡೆಗಳ ನಡುವೆ ಕೂತಿದ್ದಳು. ಎಲ್ಲ ಹೇಳಿ, "ಯಾಕೆ ಹಾಗಂದೆ?" ಎಂದೆ.

"ನೀವೇ ಹೇಳಿದ್ರಲ್ಲ."

"ನಾನು ಹೇಳಿದ್ದನ್ನ ನೀನು ಯಾವತ್ತು ಕೇಳಿದ್ದೆ?"

ಅವಳು ಕೈಯಲ್ಲಿದ್ದ ಕೊಡೆಗೆ ಚೀಟಿ ಅಂಟಿಸಿದಳು. "ಟ್ಯಾಕ್ಸಿ ಗಾಜಲ್ಲಿ ನಿಮ್ಮ ಮುಖ ಕಾಣ್ತಿತ್ತು. ನಿಮ್ದೇ ಹಲ್ಲು ಹೋಗಿದೆ ಅನ್ನೋ ಹಾಗಿತ್ತು. ಪಾಪ, ಇದೊಂದ್ಸಲ ಕೇಳೋಣ ಅನ್ನಿಸ್ತು."

ತಲೆಯ ಮೇಲಿನ ಸ್ಪೀಕರಿನಲ್ಲಿ ಹೊಸ ಹುಡುಗಿ ಒಂದೂ ತಪ್ಪಿಲ್ಲದೆ ಬಸ್ಸು ಹೊರಡುವ ಜಾಗ ಹೇಳಿದಳು. ಹೆಂಡತಿ ತಲೆಯೆತ್ತಿ ಪೂರ್ತಿ ಕೇಳಿಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಹಿಂದಿನ ಕಪಾಟಿನಿಂದ ಯಾರೋ ಬಿಟ್ಟುಹೋದ ಕರವಸ್ತ್ರವೊಂದನ್ನು ತೆಗೆದು ಕೊಟ್ಟಳು.

"ಒರೆಸ್ಕೊಂಡು ವಾಪಸ್ ಕೊಡಿ, ರಿಜಿಸ್ಟರಲ್ಲಿ ಇದೆ" ಎಂದಳು.